ಕೊಳೆಯೂ ಒಂದು ವೇಷವೇ

ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಹೋದ ತಿಂಗಳು ಅಧ್ಯಾಪಕರ ಕೊಠಡಿಗೆ ಬಂದು, ತಾನೂ ತನ್ನ ಮೂವರು ಗೆಳೆಯರೂ ಸೇರಿ ತಯಾರಿಸಿದ ಹಾಡಿನ ವಿಡಿಯೋ ಒಂದನ್ನು ಫೋನಿನಲ್ಲಿ ತೋರಿಸಿದ. ಹಾಡು ಗ್ಯಾರೇಜ್ ರಾಕ್ ಎಂಬ ಪಂಗಡಕ್ಕೆ ಸೇರಿದ್ದು. ಚಿತ್ರೀಕರಣ ನಡೆದದ್ದು ಅವರ ಬಡಾವಣೆಯ ಮೂಲೆಯಲ್ಲಿರುವ, ಬೈಕು ರಿಪೇರಿ ಮಾಡುವ ಒಂದು ಗ್ಯಾರೇಜಿನಲ್ಲಿ. ಬಿಚ್ಚಿಹಾಕಿದ ಎಂಜಿನ್ನುಗಳು, ಹಳೆಯ ಟೈರುಗಳು, ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು. ಇವುಗಳ ನಡುವೆ ನಾಲ್ವರು ಹುಡುಗರು ಗಿಟಾರು ಬಾರಿಸುತ್ತ, ಕತ್ತಿನ ನರ ಉಬ್ಬುವಂತೆ ಕೂಗುತ್ತಿದ್ದಾರೆ. ಕೆನ್ನೆಯ ಮೇಲೂ ಬನಿಯನ್ನಿನ ಮೇಲೂ ಕಪ್ಪು ಮಸಿ. ಚಿತ್ರ ಒಂದೇ ಸಮನೆ ಅಲುಗುತ್ತದೆ; ನಡುನಡುವೆ ಹಳೆಯ ರೀಲಿನ ಗೀರುಗಳು ಮಳೆಯಂತೆ ಸುರಿಯುತ್ತವೆ.

"ಇಷ್ಟೊಂದು ಗ್ರೀಸು ಬಳಿದುಕೊಂಡಿರಲ್ಲಪ್ಪ, ಮನೆಯಲ್ಲಿ ಬೈಯಲಿಲ್ಲವೆ?" ಎಂದು ಕೇಳಿದೆ.

"ಗ್ರೀಸಲ್ಲ ಸಾರ್, ಕಾಡಿಗೆ. ಗ್ರೀಸು ಬೇಗ ಹೋಗೋಲ್ಲ" ಎಂದ.

"ಆ ಗ್ಯಾರೇಜಿನಲ್ಲಿ ಕೆಲಸ ಮಾಡುವವರು ಒಬ್ಬರೂ ಕಾಣುವುದಿಲ್ಲವಲ್ಲ?"

"ಒಬ್ಬ ಹುಡುಗ ಇದ್ದ ಸಾರ್. ಫ್ರೇಮಿಗೆ ಅಡ್ಡ ಬರ್ತಿದ್ದ. ಸ್ವಲ್ಪ ಹೊತ್ತು ಆಚೆ ನಿಂತಿರು ಅಂದ್ವಿ."

ಈ ಎರಡು ಉತ್ತರಗಳು ಅಂದಿನಿಂದ ನನ್ನನ್ನು ಕಾಡುತ್ತಿವೆ. ಹುಡುಗನ ಮೇಲೆ ನನಗೆ ಕೋಪವಿಲ್ಲ. ಓದುವ ಹುಡುಗ, ತಾಳ ತಪ್ಪದೆ ಡ್ರಮ್ಮು ಬಾರಿಸುತ್ತಾನೆ. ನನ್ನ ಜಗಳವಿರುವುದು ಅವನಿಗೆ ಯಾರೋ ಕಲಿಸಿಕೊಟ್ಟಿರುವ ಒಂದು ಸಿದ್ಧಾಂತದೊಡನೆ. ನುಣುಪಾದದ್ದೆಲ್ಲ ಸುಳ್ಳು, ಒರಟಾದದ್ದೆಲ್ಲ ನಿಜ. ಕೊಳೆಯಿದ್ದಲ್ಲಿ ಪ್ರಾಮಾಣಿಕತೆಯುಂಟು, ಶುಚಿಯಾದದ್ದರಲ್ಲಿ ವ್ಯಾಪಾರವುಂಟು ಎಂಬುದು ಆ ಸಿದ್ಧಾಂತ. ಗ್ಯಾರೇಜ್ ರಾಕ್ ಕುರಿತ ಬರಹಗಳಲ್ಲಿ ಇದು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಆ ಸಂಗೀತದ ವಿಡಿಯೋಗಳು ಇದನ್ನೇ ಕಣ್ಣಿಗೆ ಕಟ್ಟುವಂತೆ ಹೇಳುತ್ತವೆ. ಇದು ಸುಳ್ಳೆಂದು ತೋರಿಸುವುದು ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿಯೇಕೆ ಎಂದು ಕೇಳುವವರುಂಟು. ಕಾರಣ ಹೇಳುತ್ತೇನೆ. ಇದೇ ಸಿದ್ಧಾಂತವನ್ನು ತಲೆಯಲ್ಲಿಟ್ಟುಕೊಂಡು ಬರೆದ ಪದ್ಯಗಳು ಪ್ರತಿವರ್ಷವೂ ಕಾಲೇಜು ಸಂಚಿಕೆಗೆಂದು ನನ್ನ ಮೇಜಿನ ಮೇಲೆ ಬಂದು ಬೀಳುತ್ತವೆ. ಸಾಲು ಮುರಿದದ್ದೇಕೆ ಎಂದರೆ "ನೋವು ಮುರಿದಿದೆ ಸಾರ್" ಎನ್ನುತ್ತಾರೆ. ತಿದ್ದಿ ಬರೆಯಪ್ಪ ಎಂದರೆ "ತಿದ್ದಿದರೆ ಸುಳ್ಳಾಗುತ್ತದೆ" ಎನ್ನುತ್ತಾರೆ. ರೋಗ ಒಂದೇ, ಅಂಗ ಬೇರೆ. ಅದು ಎಲ್ಲಿ ಎಲ್ಲರಿಗೂ ಕಾಣುವಂತೆ ಬಂದಿದೆಯೋ ಅಲ್ಲಿ ಪರೀಕ್ಷಿಸುವುದು ಸುಲಭ.

ಮೊದಲು ಹೆಸರಿನಿಂದಲೇ ಪ್ರಾರಂಭಿಸೋಣ. ನಮ್ಮ ಊರುಗಳಲ್ಲಿ ಗ್ಯಾರೇಜೆಂದರೆ ರಿಪೇರಿಯ ಅಂಗಡಿ. ಗ್ರೀಸು, ಬೆವರು, ಹದಿನಾರು ವಯಸ್ಸಿಗೇ ಕೆಲಸಕ್ಕೆ ಸೇರಿದ ಹುಡುಗ. ಆದರೆ ಈ ಸಂಗೀತಕ್ಕೆ ಹೆಸರು ಕೊಟ್ಟ ಅಮೆರಿಕದ ಗ್ಯಾರೇಜು ಅದಲ್ಲ. ಅದು ಮನೆಗೆ ಸೇರಿಕೊಂಡಂತೆ ಕಾರು ನಿಲ್ಲಿಸಲು ಕಟ್ಟಿಸಿದ ಕೋಣೆ. ಗ್ಯಾರೇಜಿರಬೇಕಾದರೆ ಮೊದಲು ಕಾರಿರಬೇಕು. ಕಾರಿಗೂ ಒಂದು ಕೋಣೆ ಕಟ್ಟಿಸಬಲ್ಲ ತಂದೆಯಿರಬೇಕು. ಆ ತಂದೆ ಮಗನಿಗೆ ವಿದ್ಯುತ್ ಗಿಟಾರೊಂದನ್ನು ಕೊಡಿಸಿ, ಸಂಜೆ ಕಾರನ್ನು ರಸ್ತೆಯಲ್ಲಿ ನಿಲ್ಲಿಸಲು ಒಪ್ಪಿರಬೇಕು. ಮಧ್ಯಮ ವರ್ಗದ ಮನೆಯ ಒಂದು ಭಾಗದ ಹೆಸರಿನಿಂದ ಹುಟ್ಟಿದ ಸಂಗೀತ ಇದು. ಇದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇಲ್ಲ. ಆದರೆ ಅದನ್ನು ಕಾರ್ಖಾನೆಯ ಕೂಗೆಂದು ಮಾರತೊಡಗಿದರೆ ಆಕ್ಷೇಪಿಸಬೇಕಾಗುತ್ತದೆ.

ಇತಿಹಾಸ ಸಂಕ್ಷೇಪವಾಗಿ ಹೀಗಿದೆ. 1964ರ ಫೆಬ್ರುವರಿ 9ರಂದು ಇಂಗ್ಲೆಂಡಿನ ಬೀಟಲ್ಸ್ ತಂಡ ಅಮೆರಿಕದ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಹಾಡಿದಾಗ ಟೆಲಿವಿಷನ್ನಿನ ಮುಂದೆ ಕುಳಿತಿದ್ದವರು ಸುಮಾರು 7 ಕೋಟಿ 30 ಲಕ್ಷ ಜನ. ಮರುದಿನದಿಂದಲೇ ಎಂಬಂತೆ ಆ ದೇಶದ ಊರೂರಿನ ಹೈಸ್ಕೂಲು ಹುಡುಗರು ತಂಡ ಕಟ್ಟಲು ಹೊರಟರು. ಅದಕ್ಕೂ ಮುಂಚೆಯೇ ವಾಯವ್ಯ ಮೂಲೆಯ ಟಕೋಮಾ, ಪೋರ್ಟ್‌ಲೆಂಡ್ ಮುಂತಾದ ಊರುಗಳಲ್ಲಿ ಇಂಥ ತಂಡಗಳು ಎದ್ದಿದ್ದವು. ಮೂರು ಸ್ವರಗುಚ್ಛ, ಒಂದು ಬಿರುಸಾದ ತಾಳ, ಅದರ ಮೇಲೊಂದು ಕೂಗು, ಇಷ್ಟೇ ಬಂಡವಾಳ. ಒಂದು ತಮಾಷೆಯೆಂದರೆ ಆ ಹುಡುಗರಾರೂ ತಮ್ಮದು ಗ್ಯಾರೇಜ್ ರಾಕ್ ಎಂದುಕೊಂಡಿರಲಿಲ್ಲ. ಆ ಹೆಸರು ಅವರಲ್ಲಿ ಬಹುಪಾಲು ಜನ ಗಿಟಾರು ಬದಿಗಿಟ್ಟು ಬೇರೆ ಕೆಲಸ ಹಿಡಿದ ಮೇಲೆ ಬಂದದ್ದು. 1972ರಲ್ಲಿ ಲೆನ್ನಿ ಕೇ ಎಂಬಾತ ಮರೆತುಹೋಗಿದ್ದ 27 ಹಾಡುಗಳನ್ನು ಆಯ್ದು ಎಲೆಕ್ಟ್ರಾ ಕಂಪನಿಯ ಮೂಲಕ "ನಗೆಟ್ಸ್" ಎಂಬ ಜೋಡಿ ಧ್ವನಿಮುದ್ರಿಕೆಯಾಗಿ ಹೊರತಂದ. ಆಮೇಲೆಯೇ ಇದೊಂದು ಪರಂಪರೆ ಎಂಬ ಭಾವನೆ ಬೆಳೆದದ್ದು. ಪರಂಪರೆಯೆಂದಮೇಲೆ ಅದಕ್ಕೊಂದು ಪುರಾಣ ಬೇಡವೆ? ಅದೂ ಬೆಳೆಯಿತು.

ಪುರಾಣದ ಮೂಲಪುರುಷ "ಲೂಯಿ ಲೂಯಿ" ಎಂಬ ಹಾಡು. ಅದನ್ನು ಪೋರ್ಟ್‌ಲೆಂಡಿನ ಕಿಂಗ್ಸ್‌ಮೆನ್ ತಂಡ 1963ರ ಏಪ್ರಿಲಿನಲ್ಲಿ ಸುಮಾರು 50 ಡಾಲರಿನ ಖರ್ಚಿನಲ್ಲಿ ಧ್ವನಿಮುದ್ರಿಸಿತು. ಮೈಕು ಎತ್ತರದಲ್ಲಿ ತೂಗಾಡುತ್ತಿದ್ದುದರಿಂದ ಗಾಯಕ ಜ್ಯಾಕ್ ಈಲಿ ಮುಖವೆತ್ತಿ ಕೂಗಬೇಕಾಯಿತು; ಪದಗಳು ಕಲಸಿಹೋದವು. ಗಿಟಾರಿನ ಭಾಗ ಮುಗಿಯುತ್ತಲೇ ಆತ ಬರಬೇಕಾದ ಕಾಲಕ್ಕಿಂತ ಮೊದಲೇ ಬಂದು, ತಪ್ಪಿನ ಅರಿವಾಗಿ ನಿಂತ. ಡ್ರಮ್ಮಿನವನು ಆ ಸಂದನ್ನು ಒಂದು ಉರುಳಿನಿಂದ ತುಂಬಿದ. ಮತ್ತೆ ಹಾಡಲಿಲ್ಲ, ಹಾಡಿದ್ದೇ ಮುದ್ರಿಕೆಯಾಯಿತು. ಅದೇ ವರ್ಷದ ಕೊನೆಗೆ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು.

ಇಲ್ಲಿ ನಮ್ಮ ಹಿರಿಯರ ಕಡೆಯ ಒಂದು ಮಾತನ್ನೂ ಇತ್ಯರ್ಥಮಾಡಿಬಿಡೋಣ. ನಮ್ಮ ಕೊಠಡಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವ ಮಿತ್ರರೊಬ್ಬರು ವಿಡಿಯೋ ನೋಡಿ, "ಏನ್ರೀ ಇದು, ಗದ್ದಲಕ್ಕೂ ಒಂದು ಮೀಮಾಂಸೆಯೆ?" ಎಂದರು. ಅವರಿಗಿಂತ ದೊಡ್ಡವರೂ ಹೀಗೆಂದಿದ್ದಾರೆ. 1964ರಲ್ಲಿ ಪೋಷಕರೊಬ್ಬರು ಈ ಹಾಡು ಅಶ್ಲೀಲವೆಂದು ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯವರಿಗೇ ದೂರು ಬರೆದರು. ಎಫ್.ಬಿ.ಐ. ಎಂಬ ಅಲ್ಲಿನ ತನಿಖಾ ಇಲಾಖೆ ಮುದ್ರಿಕೆಯನ್ನು ಬೇರೆಬೇರೆ ವೇಗಗಳಲ್ಲಿ ತಿರುಗಿಸಿ ತಿರುಗಿಸಿ ಕೇಳಿ, ನೂರಕ್ಕೂ ಹೆಚ್ಚು ಪುಟಗಳ ಕಡತ ಬೆಳೆಸಿ, ಕೊನೆಗೆ ಹಾಡಿನಲ್ಲಿ ಏನಿದೆಯೆಂದು ತಿಳಿಯುವುದಿಲ್ಲವೆಂಬ ತೀರ್ಮಾನಕ್ಕೆ ಬಂತು. ಹಾಡಿನಲ್ಲಿದ್ದುದು ಒಬ್ಬ ನಾವಿಕ, ಅವನ ಮನದನ್ನೆ, ಜಮೈಕಾಕ್ಕೆ ಹೋಗುವ ಹಡಗು, ಇಷ್ಟೇ. ಮೂಲ ಕವಿಯೇ ಹಾಡಿದ 1957ರ ಮುದ್ರಿಕೆಯಲ್ಲಿ ಪದಪದವೂ ಸ್ಪಷ್ಟವಾಗಿ ಕೇಳುತ್ತದೆ. ಅರ್ಥವಾಗದ್ದರಲ್ಲಿ ಅನರ್ಥವನ್ನೇ ಹುಡುಕುವವರು ತಮ್ಮ ಕಿವಿಯ ವರದಿಯನ್ನು ಒಪ್ಪಿಸುತ್ತಾರೆಯೇ ಹೊರತು ಹಾಡಿನದ್ದನ್ನಲ್ಲ. ಆದುದರಿಂದ ಈ ಸಂಗೀತವನ್ನು ಗದ್ದಲವೆಂದು ತಳ್ಳಿಹಾಕುವ ಪಕ್ಷಕ್ಕೆ ನಾನು ಸೇರಿದವನಲ್ಲ. "ಲೂಯಿ ಲೂಯಿ" ಕೇಳಿದಾಗ ನನ್ನ ಕಾಲೂ ತಾಳ ಹಾಕುತ್ತದೆ.

ಆದರೆ ತಾಳ ಹಾಕುವುದೇತಕ್ಕೆ? ತಪ್ಪಿತೆಂಬುದಕ್ಕಲ್ಲ. ತಪ್ಪಿದ ಮೇಲೂ ನಾಲ್ವರು ಜೊತೆಗಾರರು ಒಬ್ಬನನ್ನು ಬೀಳಗೊಡದೆ ಹಿಡಿದು ಮುಂದೆ ನಡೆದರಲ್ಲ, ಅದಕ್ಕೆ. ಆ ತಪ್ಪು ಕೊರತೆಯಿಂದ ಬಂದದ್ದು. ಇನ್ನೊಂದು ಗಂಟೆ ಕಾಲ ಹಣ ತೆರುವ ಶಕ್ತಿಯಿದ್ದಿದ್ದರೆ ಅವರು ಖಂಡಿತವಾಗಿ ಮತ್ತೊಮ್ಮೆ ಹಾಡುತ್ತಿದ್ದರು. ಪುರಾಣ ಕಟ್ಟಿದವರು ಈ ಕೊರತೆಯನ್ನು ಗುಣವೆಂದು ಬರೆದುಕೊಂಡರು. ಕುಂಟುವವನು ಗುರಿ ಮುಟ್ಟಿದನೆಂದು ಮೆಚ್ಚುವುದು ಬೇರೆ. ಗುರಿ ಮುಟ್ಟಲು ಕುಂಟಬೇಕೆಂದು ಕಲಿಸುವುದು ಬೇರೆ.

ಆ ಹುಡುಗರು ಕ್ಯಾಮೆರಾದ ಮುಂದೆ ಹೇಗೆ ನಿಂತರೆಂಬುದನ್ನು ಗಮನಿಸಿದರೆ ಪುರಾಣದ ಬಣ್ಣ ಇನ್ನೂ ಬಿಡುತ್ತದೆ. ಹಾಡಿಗೆಂದೇ ಚಿತ್ರ ತೆಗೆಯುವ ಪದ್ಧತಿ ಆಗತಾನೆ ತಲೆಯೆತ್ತುತ್ತಿತ್ತು. "ಶಿಂಡಿಗ್", "ಹಲ್ಲಬಲೂ", "ವೇರ್ ದ ಆ್ಯಕ್ಷನ್ ಈಸ್" ಮುಂತಾದ ಟೆಲಿವಿಷನ್ ಕಾರ್ಯಕ್ರಮಗಳು 1964, 65ರಲ್ಲಿ ಪ್ರಾರಂಭವಾದವು. ಕಿಂಗ್ಸ್‌ಮೆನ್ ತಂಡದವರು ಒಂದೇ ಬಗೆಯ, ಇಸ್ತ್ರಿ ಮಾಡಿದ ಸೂಟುಗಳಲ್ಲಿ ನಿಲ್ಲುತ್ತಿದ್ದರು. ಅದೇ ಪೋರ್ಟ್‌ಲೆಂಡಿನಲ್ಲಿ ಅದೇ ಏಪ್ರಿಲಿನಲ್ಲಿ ಅದೇ ಹಾಡನ್ನು ಮುದ್ರಿಸಿದ ಪಾಲ್ ರೆವೀರ್ ಮತ್ತು ರೈಡರ್ಸ್ ತಂಡದವರು ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾಲದ ಸೈನಿಕರ ಉಡುಪು ತೊಟ್ಟು ಟೆಲಿವಿಷನ್ನಿನಲ್ಲಿ ಕುಣಿದರು. 1966ರಲ್ಲಿ ತಮ್ಮ ಒಂದು ಹಾಡನ್ನು ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿಸಿದ ಇನ್ನೊಂದು ತಂಡವುಂಟು. ಅದರ ಗಾಯಕ ತನ್ನ ಹೆಸರಿನ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟುಕೊಂಡಿದ್ದ, ಕಪ್ಪು ಕನ್ನಡಕವಿಲ್ಲದೆ ಜನರೆದುರು ಬರುತ್ತಿರಲಿಲ್ಲ. ಮಿಷಿಗನ್ ಪ್ರಾಂತದ ಆ ಹುಡುಗರು ಮೆಕ್ಸಿಕೋ ಮೂಲದ ಕೃಷಿ ಕಾರ್ಮಿಕರ ಕುಟುಂಬಗಳಿಂದ ಬಂದವರು. ಕಾರಿಗೆ ಕೋಣೆಯಿರುವ ಮನೆಯ ಮಕ್ಕಳಲ್ಲ. ಅವರು ವೇದಿಕೆಯ ಮೇಲೆ ಮಣ್ಣು ಬಳಿದುಕೊಂಡು ನಿಂತರೆ? ಇಲ್ಲ. ತಮ್ಮ ಅತ್ಯುತ್ತಮ ಬಟ್ಟೆ ತೊಟ್ಟು ನಿಂತರು. ದಿನವೂ ಮಣ್ಣು ಕಂಡವನಿಗೆ ಮಣ್ಣು ಅಲಂಕಾರವಾಗಿ ಕಾಣುವುದಿಲ್ಲ. ನಮ್ಮ ಹಳ್ಳಿಯ ಜನ ಫೋಟೋ ತೆಗೆಸಲು ಪೇಟೆಗೆ ಬಂದಾಗ ಹೊಸ ಬಟ್ಟೆ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬರುತ್ತಿದ್ದುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಕೊಳೆ ಯಾವಾಗ ಬಂತು? ಕೊಳೆ ತೊಳೆದುಹೋಗಿ ಬಹುಕಾಲವಾದ ಮೇಲೆ. 1981ರ ಆಗಸ್ಟ್ 1ರಂದು ಎಂ.ಟಿ.ವಿ. ಪ್ರಾರಂಭವಾಯಿತು, ವಿಡಿಯೋ ಇಲ್ಲದೆ ಹಾಡಿಲ್ಲವೆಂಬ ಸ್ಥಿತಿ ಬಂತು. ಇಪ್ಪತ್ತು ವರ್ಷಗಳ ತರುವಾಯ, 2001ರ ಸುಮಾರಿಗೆ, ನ್ಯೂಯಾರ್ಕಿನ ಸ್ಟ್ರೋಕ್ಸ್, ಡೆಟ್ರಾಯಿಟಿನ ವೈಟ್ ಸ್ಟ್ರೈಪ್ಸ್, ಸ್ವೀಡನ್ನಿನ ಫಾಗರ್‌ಸ್ಟಾ ಎಂಬ ಸಣ್ಣ ಕೈಗಾರಿಕಾ ಊರಿನ ಹೈವ್ಸ್ ಮುಂತಾದ ತಂಡಗಳು ಗ್ಯಾರೇಜ್ ರಾಕ್ ಮರುಹುಟ್ಟೆಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಯವಾದವು. ಅಷ್ಟರಲ್ಲಿ ಯಂತ್ರಗಳು ಎಷ್ಟು ಸುಧಾರಿಸಿದ್ದವೆಂದರೆ, ಒರಟಾಗಿ ಕೇಳಿಸುವುದೇ ಕಷ್ಟದ ಕೆಲಸವಾಗಿತ್ತು. ಸ್ಟ್ರೋಕ್ಸ್ ತಂಡದ ಮೊದಲ ಸಂಪುಟದಲ್ಲಿ ಗಾಯಕನ ಕಂಠವನ್ನು ಅಭ್ಯಾಸಕ್ಕೆಂದು ಬಳಸುವ ಚಿಕ್ಕ ಆಂಪ್ಲಿಫೈಯರೊಂದರ ಮೂಲಕ ಹಾಯಿಸಿ ಬೇಕೆಂದೇ ಗೊಗ್ಗರುಗೊಳಿಸಿದರು. ವೈಟ್ ಸ್ಟ್ರೈಪ್ಸ್ ತಮ್ಮ 2003ರ "ಎಲಿಫೆಂಟ್" ಸಂಪುಟಕ್ಕಾಗಿ ಲಂಡನ್ನಿನ ಟೋ ರ‍್ಯಾಗ್ ಎಂಬ ಸ್ಟುಡಿಯೋಗೆ ಹೋಗಿ, 1963ಕ್ಕಿಂತ ಹೊಸದಲ್ಲದ ಯಂತ್ರಗಳಲ್ಲಿ ಮುದ್ರಿಸಿದರು. ಕಂಪ್ಯೂಟರ್ ಬಳಸಿಲ್ಲವೆಂದು ಸಂಪುಟದ ಮೇಲೆ ಅಚ್ಚೂ ಹಾಕಿಸಿದರು. 1963ರಲ್ಲಿ ಪೋರ್ಟ್‌ಲೆಂಡಿನ ಹುಡುಗರಿಗೆ ಗತಿಯಿಲ್ಲದೆ ಒದಗಿದ್ದು 2002ರಲ್ಲಿ ದೇಶ ದಾಟಿ ಹುಡುಕಿ ಪಡೆಯಬೇಕಾದ ವಸ್ತುವಾಗಿತ್ತು.

ವಿಡಿಯೋಗಳಲ್ಲಿಯೂ ಇದೇ ನಡೆಯಿತು. ಸ್ಟ್ರೋಕ್ಸ್ ತಂಡದ "ಲಾಸ್ಟ್ ನೈಟ್" ವಿಡಿಯೋವನ್ನು ರೋಮನ್ ಕೊಪ್ಪೊಲ 2001ರಲ್ಲಿ ನಿರ್ದೇಶಿಸಿದರು. ಹಳೆಯ ಕಾಲದ ಟೆಲಿವಿಷನ್ ಕಾರ್ಯಕ್ರಮದಂತೆ ಒಂದು ರಂಗ ಕಟ್ಟಿ, ತುಟಿ ಆಡಿಸುವ ಬದಲು ತಂಡವನ್ನು ನಿಜವಾಗಿಯೇ ಹಾಡಿಸಿ ಚಿತ್ರಿಸಿದರು; ಮೈಕಿನ ಕಂಬ ಉರುಳಿದರೂ ಬಿಟ್ಟುಕೊಟ್ಟರು. ನೋಡಲು ಚೆನ್ನಾಗಿದೆ. ಆದರೆ ಈ ತಂಡವನ್ನು ಬೀದಿಯ ಕೊಳೆಯಿಂದ ಎದ್ದುಬಂದ ಸತ್ಯವೆಂದು ಹಾಡಿಹೊಗಳಿದವರು, ಅದರ ಗಾಯಕ ಪ್ರಸಿದ್ಧ ಮಾಡೆಲಿಂಗ್ ಸಂಸ್ಥೆಯೊಂದರ ಸ್ಥಾಪಕನ ಮಗನೆಂಬುದನ್ನೂ, ಆತ ತನ್ನ ಗಿಟಾರಿನ ಗೆಳೆಯರಲ್ಲೊಬ್ಬನನ್ನು ಭೇಟಿಯಾದದ್ದು ಸ್ವಿಟ್ಸರ್ಲೆಂಡಿನ ಶ್ರೀಮಂತರ ವಸತಿ ಶಾಲೆಯಲ್ಲೆಂಬುದನ್ನೂ ಮರೆತರು. ಶ್ರೀಮಂತನ ಮಗ ಒಳ್ಳೆಯ ಹಾಡು ಕಟ್ಟಬಾರದೆಂದು ಯಾರೂ ಹೇಳುವುದಿಲ್ಲ. ಆತ ಕಟ್ಟಿದ ಹಾಡುಗಳು ಒಳ್ಳೆಯವೇ. ಹರಿದ ಅಂಗಿಯನ್ನು ಆತನ ಪ್ರಾಮಾಣಿಕತೆಯ ಸರ್ಟಿಫಿಕೇಟೆಂದು ಓದುವ ವಿಮರ್ಶಕರ ಕಣ್ಣಿನ ಬಗ್ಗೆ ಮಾತ್ರ ನನ್ನ ದೂರು.

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ವಿಡಿಯೋ ಉಂಟು. ವೈಟ್ ಸ್ಟ್ರೈಪ್ಸ್ ತಂಡದಲ್ಲಿದ್ದವರು ಇಬ್ಬರೇ. ಜ್ಯಾಕ್ ವೈಟ್, ಮೆಗ್ ವೈಟ್. ಕೆಂಪು, ಬಿಳಿ, ಕಪ್ಪು ಬಿಟ್ಟು ಬೇರೆ ಬಣ್ಣ ತೊಡುವುದಿಲ್ಲವೆಂಬ ನಿಯಮ ಹಾಕಿಕೊಂಡಿದ್ದರು. ಅವರ "ಫೆಲ್ ಇನ್ ಲವ್ ವಿತ್ ಎ ಗರ್ಲ್" ಹಾಡು ಎರಡು ನಿಮಿಷವೂ ಇಲ್ಲ. ಅದಕ್ಕೆ ಫ್ರಾನ್ಸಿನ ಮಿಷೆಲ್ ಗೊಂಡ್ರಿ ಮಕ್ಕಳ ಆಟದ ಲೆಗೋ ಇಟ್ಟಿಗೆಗಳಿಂದ ವಿಡಿಯೋ ಮಾಡಿದರು. ಹಾಡುವವರ ಒಂದೊಂದು ಚಲನೆಯನ್ನೂ ಇಟ್ಟಿಗೆಗಳಲ್ಲಿ ಕಟ್ಟಿ, ಫೋಟೋ ತೆಗೆದು, ಕೆಡವಿ, ಮತ್ತೆ ಕಟ್ಟಿ ವಾರಗಟ್ಟಲೆ ದುಡಿದ ಫಲ ಅದು. 2002ರಲ್ಲಿ ಎಂ.ಟಿ.ವಿ.ಯ ಮೂರು ಬಹುಮಾನಗಳು ಅದಕ್ಕೆ ಬಂದವು. ಮರುವರ್ಷ ಅದೇ ಗೊಂಡ್ರಿ "ದ ಹಾರ್ಡೆಸ್ಟ್ ಬಟನ್ ಟು ಬಟನ್" ಹಾಡಿಗೆ, ಡ್ರಮ್ಮಿನ ಪ್ರತಿಯೊಂದು ಪೆಟ್ಟಿಗೂ ಒಂದೊಂದು ಹೊಸ ಡ್ರಮ್ ಜೋಡಣೆ ನ್ಯೂಯಾರ್ಕಿನ ಬೀದಿಯಲ್ಲಿ ಸಾಲಾಗಿ ಹುಟ್ಟಿಕೊಳ್ಳುವಂತೆ ಮಾಡಿದರು. ಕಿವಿ ಕೇಳುವ ಪೆಟ್ಟನ್ನು ಕಣ್ಣು ಎಣಿಸುವಂತಾಯಿತು. ಆ ಹಾಡುಗಳು ಒರಟೇ. ಆದರೆ ವಿಡಿಯೋ ಒರಟಿನ ಸೋಗು ಹಾಕಲಿಲ್ಲ. ಇದು ಆಟ, ಇದು ಕಟ್ಟಿದ್ದು, ಎಷ್ಟು ಕಷ್ಟಪಟ್ಟು ಕಟ್ಟಿದ್ದೇವೆ ನೋಡಿ ಎಂದು ಎದುರಿಗೆ ಇಟ್ಟಿತು.

ಸ್ವೀಡನ್ನಿನ ಹೈವ್ಸ್ ತಂಡದವರ ರೀತಿಯೂ ಅದೇ. ಐವರೂ ಕಪ್ಪು ಬಿಳುಪಿನ ಒಂದೇ ಬಗೆಯ ಉಡುಪು ತೊಟ್ಟು ಮದುವೆಯ ಬ್ಯಾಂಡಿನವರಂತೆ ನಿಲ್ಲುತ್ತಾರೆ. ತಮ್ಮ ಹಾಡುಗಳನ್ನೆಲ್ಲ ರ‍್ಯಾಂಡಿ ಫಿಟ್ಸ್‌ಸಿಮನ್ಸ್ ಎಂಬ, ಯಾರೂ ಕಂಡರಿಯದ ಮಹನೀಯರೊಬ್ಬರು ಬರೆದುಕೊಟ್ಟರೆಂದು ಗಂಭೀರವಾಗಿ ಹೇಳುತ್ತಾರೆ. ಕೇಳಿದವರು ನಗುತ್ತಾರೆ, ಹೇಳಿದವರೂ ನಗುತ್ತಾರೆ. ಯಾರಿಗೂ ಮೋಸವಾಗಲಿಲ್ಲ.

ನಮ್ಮ ಯಕ್ಷಗಾನದ ಚೌಕಿಯಲ್ಲಿ ಕಲಾವಿದ ಗಂಟೆಗಟ್ಟಲೆ ಕುಳಿತು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಆ ಬಣ್ಣವನ್ನು ಯಾರೂ ಚರ್ಮವೆಂದು ಭ್ರಮಿಸುವುದಿಲ್ಲ. ಭ್ರಮಿಸದೆ ಇರುವುದರಿಂದಲೇ ಆ ಮುಖದ ಮೂಲಕ ರಾವಣನ ಅಳಲನ್ನು ಕಾಣಲು ಸಾಧ್ಯವಾಗುತ್ತದೆ. ವೇಷ ಹಾಕುವುದು ಸುಳ್ಳಲ್ಲ. ವೇಷ ಹಾಕಿಕೊಂಡು, ತನಗೆ ವೇಷವೇ ಇಲ್ಲ, ಇದೇ ನನ್ನ ಬರಿಯ ಮೈ ಎನ್ನುವುದು ಸುಳ್ಳು. ಗ್ಯಾರೇಜ್ ರಾಕಿನ ವಿಡಿಯೋಗಳನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ.

ಈ ಅಳತೆಯಲ್ಲಿ ನಾನು ಮೆಚ್ಚಿದವರೂ ಒಮ್ಮೊಮ್ಮೆ ಸೋಲುತ್ತಾರೆಂಬುದನ್ನು ಒಪ್ಪಿಕೊಳ್ಳಬೇಕು. ಜ್ಯಾಕ್ ಮತ್ತು ಮೆಗ್ ವೈಟ್ ತಾವು ಅಣ್ಣತಂಗಿಯರೆಂದು ಜಗತ್ತಿಗೆ ಹೇಳಿಕೊಂಡಿದ್ದರು. 1996ರಲ್ಲಿ ಮದುವೆಯಾಗಿ 2000ದಲ್ಲಿ ವಿಚ್ಛೇದನ ಪಡೆದ ದಂಪತಿಗಳೆಂಬುದು ದಾಖಲೆಗಳಿಂದ ಹೊರಬಿತ್ತು. ಕೆಂಪು ಅಂಗಿ ವೇಷ. ಈ ಮಾತು ವೇಷವಲ್ಲ. ಅಷ್ಟು ದೂರ ನಾನು ಅವರ ಹಿಂದೆ ಹೋಗಲಾರೆ.

"ಆಗಲಿ ಸ್ವಾಮಿ, ನಾಲ್ಕು ಹುಡುಗರು ಕಾಡಿಗೆ ಬಳಿದುಕೊಂಡರೆ ಯಾರ ಗಂಟು ಹೋಯಿತು?" ಎಂದು ವಾಚಕರು ಕೇಳಬಹುದು. ಗಂಟು ಹೋದವನೊಬ್ಬನಿದ್ದಾನೆ. ಅವನ ಹೆಸರು ರಿಚರ್ಡ್ ಬೆರಿ. "ಲೂಯಿ ಲೂಯಿ" ಬರೆದ ಕರಿಯ ಗಾಯಕ. ಮದುವೆಯ ಖರ್ಚಿಗೆ ಹಣ ಬೇಕಾಗಿ ಆ ಹಾಡಿನ ಹಕ್ಕನ್ನು 750 ಡಾಲರಿಗೆ ಮಾರಿಬಿಟ್ಟ. ಅದಾದ ಕೆಲವೇ ವರ್ಷಗಳಲ್ಲಿ ಕಿಂಗ್ಸ್‌ಮೆನ್ ಅದನ್ನು ಮನೆಮನೆಗೆ ಮುಟ್ಟಿಸಿದರು. ಸಾವಿರಾರು ಗ್ಯಾರೇಜುಗಳಲ್ಲಿ ಸಾವಿರಾರು ಬಿಳಿಯ ಹುಡುಗರು ಅದನ್ನು ಬಾರಿಸಿದರು. ಬೆರಿಗೆ ಅದರಿಂದ ಬಹುಕಾಲ ಬಂದದ್ದು ಇಲ್ಲವೆನ್ನುವಷ್ಟು ಅಲ್ಪ. 1980ರ ದಶಕದಲ್ಲಿ ಆತ ಸರ್ಕಾರದ ಸಹಾಯಧನದ ಮೇಲೆ ಬದುಕುತ್ತಿದ್ದಾಗ, ವಕೀಲರ ಪ್ರಯತ್ನದಿಂದ ಹಕ್ಕಿನ ಒಂದು ಪಾಲು ಮರಳಿ ದೊರೆಯಿತು. ಕರಿಯರ ರಿದಮ್ ಅಂಡ್ ಬ್ಲೂಸ್ ಹಾಡುಗಾರಿಕೆಯೇ ಈ ಸಂಗೀತದ ತಾಯಿಬೇರು. ಆ ಹಾಡುಗಾರಿಕೆಯಲ್ಲಿದ್ದ ಒರಟು, ಬದುಕು ಒರಟಾಗಿದ್ದುದರಿಂದ ಬಂದದ್ದು. ಆ ಒರಟಿನ ರೂಪ ಮಾತ್ರ ಕಳಚಿಕೊಂಡು ಹೋಗಿ ಮಾರುಕಟ್ಟೆಯಲ್ಲಿ ಬೆಲೆ ಪಡೆಯಿತು. ಅದನ್ನು ಬದುಕಿದವನು ಫ್ರೇಮಿನ ಆಚೆ ನಿಂತಿದ್ದ. ನನ್ನ ವಿದ್ಯಾರ್ಥಿಯ ಎರಡನೆಯ ಉತ್ತರವನ್ನು ವಾಚಕರು ಮರೆತಿರಲಾರರು.

ನಮ್ಮ ದೇಶದಲ್ಲಿಯೂ ಈ ಸಂಗೀತಕ್ಕೊಂದು ಹಳೆಯ ಅಧ್ಯಾಯವುಂಟು. ಇಂಪೀರಿಯಲ್ ಟೊಬ್ಯಾಕೊ ಕಂಪನಿ ತನ್ನ ಸಿಮ್ಲಾ ಸಿಗರೇಟಿನ ಪ್ರಚಾರಕ್ಕಾಗಿ ಸಿಮ್ಲಾ ಬೀಟ್ ಎಂಬ ಸ್ಪರ್ಧೆ ಏರ್ಪಡಿಸುತ್ತಿತ್ತು. ಭಾರತದ ಬೇರೆಬೇರೆ ನಗರಗಳ ಹುಡುಗರ ತಂಡಗಳು ಅದರಲ್ಲಿ ಇಂಗ್ಲಿಷಿನಲ್ಲಿ ಹಾಡಿದವು. 1970 ಮತ್ತು 1971ರ ಸ್ಪರ್ಧೆಗಳ ಹಾಡುಗಳು ಎರಡು ಧ್ವನಿಮುದ್ರಿಕೆಗಳಾಗಿ ಹೊರಬಂದವು. ಅವುಗಳ ಒರಟು ಧ್ವನಿಯನ್ನು ಇಂದು ವಿದೇಶದ ಸಂಗ್ರಾಹಕರು ಅಪೂರ್ವವೆಂದು ಕೊಂಡಾಡುತ್ತಾರೆ. ನಾನು ಕೇಳಿದಾಗ ನನ್ನ ಕಿವಿಗೆ ಬಿದ್ದದ್ದು ಬೇರೆ. ಸಿಕ್ಕ ಸಲಕರಣೆಯಲ್ಲಿ ಸಾಧ್ಯವಾದಷ್ಟು ಚೆನ್ನಾಗಿ, ಸಾಧ್ಯವಾದಷ್ಟು ಶುದ್ಧವಾಗಿ ಬಾರಿಸಬೇಕೆಂದು ಹೆಣಗುತ್ತಿರುವ ಹುಡುಗರ ಶ್ರಮ ಅಲ್ಲಿ ಕೇಳುತ್ತದೆ. ಅವರ ಶ್ರಮವನ್ನು ಬಿಟ್ಟು ಅವರ ಕೊರತೆಯನ್ನು ಮೆಚ್ಚುವುದು ಅವರಿಗೆ ಮಾಡುವ ಗೌರವವಲ್ಲ.

ನಾನು ಚಿಕ್ಕವನಿದ್ದಾಗ ನಮ್ಮೂರಿನ ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ಸವೆದ ರೀಲುಗಳನ್ನು ಓಡಿಸುತ್ತಿದ್ದರು. ತೆರೆಯ ಮೇಲೆ ಗೀರುಗಳ ಮಳೆ ಬಂದಾಗಲೆಲ್ಲ ನೆಲದ ಮೇಲೆ ಕುಳಿತವರು ಸಿಳ್ಳೆ ಹಾಕಿ ಆಪರೇಟರನನ್ನು ಬೈಯುತ್ತಿದ್ದರು. ನಾವು ಕೊಟ್ಟ ದುಡ್ಡಿಗೆ ರಾಜಕುಮಾರರ ಮುಖ ಸರಿಯಾಗಿ ಕಾಣಬೇಕೆಂಬುದು ನಮ್ಮ ಹಕ್ಕಾಗಿತ್ತು. ಇಂದು ನನ್ನ ವಿದ್ಯಾರ್ಥಿ ಕೂದಲೆಳೆಯೂ ಸ್ಪಷ್ಟವಾಗಿ ಕಾಣುವ ಕ್ಯಾಮೆರಾದಲ್ಲಿ ಚಿತ್ರ ತೆಗೆದು, ಅದರ ಮೇಲೆ ಅದೇ ಗೀರುಗಳನ್ನು ಫೋನಿನ ಒಂದು ಗುಂಡಿಯೊತ್ತಿ ಸುರಿದಿದ್ದಾನೆ. ಆ ಟೆಂಟಿನ ಜನಕ್ಕೆ ಇದನ್ನು ಹೇಗೆ ವಿವರಿಸುವುದೆಂದು ನನಗೆ ತೋಚುವುದಿಲ್ಲ.

ಇಷ್ಟೆಲ್ಲವನ್ನೂ ಬೇರೆ ಮಾತಿನಲ್ಲಿ ಅವನಿಗೆ ಹೇಳಿದೆ. ಕೊನೆಗೆ, "ನೀವು ದಿನವೂ ಅಭ್ಯಾಸ ಮಾಡುವುದೆಲ್ಲಪ್ಪ?" ಎಂದು ಕೇಳಿದೆ.

"ನಮ್ಮ ಮನೇಲೇ ಸಾರ್. ಕಾರಿನ ಶೆಡ್ಡಲ್ಲಿ. ಭಾನುವಾರ ಅಪ್ಪ ಕಾರನ್ನ ರಸ್ತೇಲಿ ನಿಲ್ಸಿ ಜಾಗ ಮಾಡಿಕೊಡ್ತಾರೆ."

"ಮತ್ತೆ ವಿಡಿಯೋ ಅಲ್ಲೇ ತೆಗೆಯಬಹುದಿತ್ತಲ್ಲ?"

"ಅಲ್ಲಿ ಟೈಲ್ಸ್ ಹಾಕ್ಸಿದಾರೆ ಸಾರ್" ಎಂದು ಹುಡುಗ ಸಂಕೋಚಪಟ್ಟ. "ತುಂಬಾ ನೀಟಾಗಿದೆ. ಗ್ಯಾರೇಜ್ ಥರ ಕಾಣೋಲ್ಲ."

ನೋಡಿ, ವಿಪರ್ಯಾಸ ಎಲ್ಲಿಗೆ ಬಂದು ನಿಂತಿತು. ಜಗತ್ತಿನಲ್ಲಿ ಗ್ಯಾರೇಜ್ ರಾಕಿನ ನಿಜವಾದ ಗ್ಯಾರೇಜು ಯಾವುದಾದರೂ ಇದ್ದರೆ ಅದು ಇವನ ಮನೆಯ ಕಾರಿನ ಶೆಡ್ಡು. ಟೈಲ್ಸ್ ಹಾಕಿಸಿದ ನೆಲ, ರಸ್ತೆಯಲ್ಲಿ ಕಾರು ನಿಲ್ಲಿಸಿ ಬರುವ ತಂದೆ, ಸದ್ದು ಕಡಿಮೆ ಮಾಡಿರೆಂದು ಒಳಗಿನಿಂದ ಕೂಗುವ ತಾಯಿ, ಗೊಣಗುವ ನೆರೆಯವರು. ಟಕೋಮಾದಲ್ಲಿಯೂ ಪೋರ್ಟ್‌ಲೆಂಡಿನಲ್ಲಿಯೂ ಇದ್ದದ್ದು ಇದೇ. ತನ್ನದಾದ ಆ ಜಾಗವನ್ನು ನಿಜವಲ್ಲವೆಂದು ಬಿಟ್ಟು, ಇನ್ನೊಬ್ಬನ ಹೊಟ್ಟೆಪಾಡಿನ ಜಾಗವನ್ನು ಎರಡು ಗಂಟೆ ಕಾಲ ಎರವಲು ತಂದು, ಅಲ್ಲಿನವನನ್ನು ಹೊರಗೆ ನಿಲ್ಲಿಸಿ, ಅವನ ಮೈಯ ಕೊಳೆಯನ್ನು ಕಾಡಿಗೆಯಲ್ಲಿ ಬರೆದುಕೊಂಡು, ಅದನ್ನು ಪ್ರಾಮಾಣಿಕತೆಯೆಂದು ಕರೆಯುವಂತೆ ಈ ಹುಡುಗನಿಗೆ ಕಲಿಸಿದವರಾರು? ನುಣುಪೆಲ್ಲ ಸುಳ್ಳು, ಒರಟೆಲ್ಲ ನಿಜವೆಂದು ಬರೆದ ವಿಮರ್ಶಕರು. ಆ ಮಾತನ್ನು ಒಮ್ಮೆಯೂ ಪ್ರಶ್ನಿಸದೆ ಪಾಠಪ್ರವಚನ ನಡೆಸಿದ ನನ್ನಂಥ ಮೇಷ್ಟ್ರುಗಳು.

ಮುಂದಿನ ಹಾಡನ್ನು ಕಾರಿನ ಶೆಡ್ಡಿನಲ್ಲೇ ಚಿತ್ರಿಸುವುದಾಗಿ ಹೇಳಿ ಹೋಗಿದ್ದಾನೆ. ಟೈಲ್ಸ್ ಕಾಣಲಿ ಎಂದಿದ್ದೇನೆ. ಬೇಕಾದರೆ ನಾಲ್ವರೂ ಕೆಂಪು ಅಂಗಿ ತೊಡಿ, ರಾಜವೇಷ ಹಾಕಿ, ಮುಖಕ್ಕೆ ಬಣ್ಣ ಬರೆದುಕೊಳ್ಳಿ. ವೇಷವೆಂದು ತಿಳಿಯುವಂತಿದ್ದರೆ ಸಾಕು ಎಂದಿದ್ದೇನೆ. ಹೋಗುವ ಮುಂಚೆ ಇನ್ನೊಂದು ಮಾತನ್ನೂ ಕೇಳಿದೆ: ಅಂದು ಆಚೆ ನಿಂತಿದ್ದ ಆ ಹುಡುಗನ ಹೆಸರೇನು? ಅವನಿಗೆ ತಿಳಿದಿರಲಿಲ್ಲ. ಕೇಳಿಕೊಂಡು ಬಾ ಎಂದು ಕಳಿಸಿದ್ದೇನೆ.